ಹೊಟ್ಟೆ ಕರಗಿಸುವ ವಿಮಾನ

ಬಸ್ಸು ಓಡಿಸುವ ಡ್ರೈವರಣ್ಣನ ಹೊಟ್ಟೆ ಸ್ಟಿಯರಿಂಗಿಗೆ ತಾಗತೊಡಗಿ ವರ್ಷವೇ ಆಗಿತ್ತು. ಡಿಪೋದ ಡಾಕ್ಟರು ಈ ಸಲ ಮುಲಾಜಿಲ್ಲದೆ ಹೇಳಿಬಿಟ್ಟರು: ಮುಂದಿನ ತಪಾಸಣೆಯೊಳಗೆ ಅದು ಕರಗದಿದ್ದರೆ ಬಸ್ಸು ಸಿಗುವುದಿಲ್ಲ, ಟಿಕೆಟ್ ಕೌಂಟರಿನಲ್ಲಿ ಕೂರಬೇಕು. ಅವನು ಹೆಂಡತಿಯ ಕೈಗಿಂತ ಹೆಚ್ಚು ಹೊತ್ತು ಹಿಡಿದದ್ದು ಆ ಸ್ಟಿಯರಿಂಗನ್ನೇ. ಅದನ್ನು ಬಿಟ್ಟು ಕಿಂಡಿಯೊಳಗೆ ಕೂರುವುದೆಂದರೆ ಬದುಕಿದ್ದೂ ಸತ್ತಂತೆ.

ನಡೆಯಲು ಹೋದರೆ ಮಂಡಿನೋವು, ಬಗ್ಗಲು ಹೋದರೆ ಹೊಟ್ಟೆಯೇ ಅಡ್ಡ. ಕೊನೆಗೆ ಕಂಪ್ಯೂಟರ್ ರಿಪೇರಿ ಮಾಡುವ ಅಳಿಯ ಒಂದು ಉಪಾಯ ಹೂಡಿದ. ಬಟ್ಟೆ ಒಣಹಾಕಲು ಮಾತ್ರ ಬಳಕೆಯಲ್ಲಿದ್ದ ವ್ಯಾಯಾಮದ ಸೈಕಲ್ಲಿಗೆ ತಂತಿ ಜೋಡಿಸಿ, ವಿಮಾನ ಹಾರಿಸುವ ಆಟವೊಂದನ್ನು ಟಿವಿಗೆ ತಂದು ಕೂರಿಸಿದ. ತುಳಿದಷ್ಟು ಹೊತ್ತು ವಿಮಾನ ಮೇಲೆ, ನಿಲ್ಲಿಸಿದರೆ ನೆಲಕ್ಕೆ. ತಿರುಗಿಸಲು ಬೇರೆಯೇ ಒಂದು ಪುಟ್ಟ ಸ್ಟಿಯರಿಂಗ್ ಕೊಟ್ಟ.

ಸ್ಟಿಯರಿಂಗ್ ಕಂಡದ್ದೇ ತಡ, ಡ್ರೈವರಣ್ಣನಿಗೆ ಹೋದ ಜೀವ ಬಂತು. ಯೂನಿಫಾರ್ಮ್ ತೊಟ್ಟ. 'ಚಾಲಕರೊಂದಿಗೆ ಮಾತನಾಡಬೇಡಿ' ಎಂದು ರಟ್ಟಿನ ಮೇಲೆ ಬರೆದು ಟಿವಿಯ ಪಕ್ಕ ತೂಗುಹಾಕಿದ. ಆದರೆ ನಾಲ್ಕು ಸುತ್ತು ತುಳಿಯುವಷ್ಟರಲ್ಲಿ ಏದುಸಿರು ಬಂದು ವಿಮಾನ ಮೂಗು ಕೆಳಗೆ ಮಾಡಿತು. ಅಡುಗೆಮನೆಯಿಂದ ಇಣುಕಿದ ಹೆಂಡತಿ ಸೌಟು ಬಿಸಾಕಿ ಓಡಿಬಂದಳು.

"ವಿಮಾನದೊಳಗೆ ಜನ ಇದ್ದಾರಲ್ರೀ, ಇಳೀರಿ ಕೆಳಗೆ" ಎಂದು ಅವನನ್ನು ಸರಿಸಿ ತಾನೇ ತುಳಿದಳು. ವಿಮಾನ ಮತ್ತೆ ಮೇಲೇರಿತು.

ಅಲ್ಲಿಗೆ ಡ್ರೈವರಣ್ಣನಿಗೆ ಜ್ಞಾನೋದಯವಾಯಿತು. ಇಷ್ಟು ವರ್ಷದ ಸರ್ವೀಸಿನಲ್ಲಿ ತಾನೆಂದಾದರೂ ಬಸ್ಸು ತಳ್ಳಿದ್ದುಂಟೇ? ಓಡುವುದು ಎಂಜಿನ್ನಿನ ಕೆಲಸ, ತಿರುಗಿಸುವುದು ಡ್ರೈವರನದು. ಆರಾಮಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟ ಪುಣ್ಯಾತ್ಮ. ಅಂದಿನಿಂದ ದಿನಾ ಸಂಜೆ ಅವಳು ತುಳಿದಳು, ಇವನು ಹಾರಿದ. ಹಾರಿದ ಆಯಾಸಕ್ಕೆ ಎರಡೆರಡು ಸಲ ಬಡಿಸಿಕೊಂಡು ಉಂಡ. ಅವಳು ಬೆವರು ಒರೆಸಿಕೊಳ್ಳುತ್ತ ಏನಾದರೂ ಅಂದರೆ ರಟ್ಟಿನತ್ತ ಬೆರಳು ತೋರಿಸುತ್ತಿದ್ದ. ಡಿಪೋದಲ್ಲಿ ಕೇಳಿದವರಿಗೆಲ್ಲ ಮನೆಯಲ್ಲಿ ವ್ಯಾಯಾಮ ಭರ್ಜರಿಯಾಗಿ ನಡೆದಿದೆ ಎಂದು ಕೊಚ್ಚಿಕೊಂಡ. ಸುಳ್ಳೇನಲ್ಲ, ನಡೆದೇ ಇತ್ತು.

ತಪಾಸಣೆಗೆ ಹೆಂಡತಿಯೂ ಜೊತೆಗೆ ಬಂದಳು. ಮಹಡಿ ಹತ್ತುವಷ್ಟರಲ್ಲಿ ಅವನು ಮೂರು ಕಡೆ ನಿಂತ, ಅವಳು ಎಲ್ಲೂ ನಿಲ್ಲಲಿಲ್ಲ. ಡಾಕ್ಟರು ಟೇಪು ಸುತ್ತಿ ನೋಡಿದರೆ ಹೊಟ್ಟೆ ಎರಡು ಬೆರಳು ಮುಂದಕ್ಕೇ ಹೋಗಿತ್ತು. ಬಾಗಿಲಲ್ಲಿ ಗಟ್ಟಿಮುಟ್ಟಾಗಿ ನಿಂತವಳನ್ನೊಮ್ಮೆ, ಇವನನ್ನೊಮ್ಮೆ ನೋಡಿದರು.

"ವ್ಯಾಯಾಮ ಮಾಡಿದ್ದು ಯಾರಪ್ಪಾ?"

ನಾಳೆಯಿಂದ ಕೌಂಟರು ಎಂದಾಯಿತು.

ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಕಣ್ಣೀರಿಟ್ಟ. ಅವಳು ಬೆನ್ನು ಸವರಿ ಸಮಾಧಾನ ಹೇಳಿದಳು. ಆದರೆ ಸಂಜೆಯಾಗುತ್ತಲೇ ಅವಳ ಕಾಲು ಸುಮ್ಮನಿರಲಿಲ್ಲ. ಕುರ್ಚಿಯ ಮೇಲೆ ಬಿದ್ದಿದ್ದ ಸ್ಟಿಯರಿಂಗನ್ನೂ ಎತ್ತಿಕೊಂಡು ಸೈಕಲ್ ಏರಿದಳು. ಇವನಿಲ್ಲದೆಯೂ ವಿಮಾನ ಚೆನ್ನಾಗಿಯೇ ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಅವನು ಕಣ್ಣೊರೆಸಿಕೊಂಡು ಇತ್ತ ತಿರುಗಿದ.

"ಎಡಕ್ಕೆ ತಗೋ, ಮುಂದೆ ಗುಡ್ಡ ಇದೆ."

ಅವಳು ಟಿವಿಯಿಂದ ಕಣ್ಣು ಕೀಳದೆ ರಟ್ಟಿನತ್ತ ಬೆರಳು ತೋರಿಸಿದಳು.