ಎರಡು ಬಿಳಿಚಿದ ಪಟ್ಟಿ

ಅಂಟು ಮುಂಗೈ ದಾಟಿ ಮೊಣಕೈ ಕಡೆಗೆ ಇಳಿಯುತ್ತಿದೆ, ತಣ್ಣಗೆ, ಮೈದಾ ತೀರ ತೆಳುವಾಯಿತು, ಅವ್ವ ನೋಡಿದ್ದರೆ ಇದೇನೇ ಅಂಟೋ ಗಂಜಿಯೋ ಅನ್ನುತ್ತಿದ್ದಳು — ಸ್ಟೂಲಿನ ಮೇಲೆ ನಿಂತ ಸೂಯುನ್‌ಗೆ ಕೆಳಗಿನವರೆಲ್ಲ ಬರೀ ಟೋಪಿಗಳಾಗಿ ಕಾಣುತ್ತಾರೆ, ಹನ್ನೊಂದಕ್ಕೆ ಇಲ್ಲಿಯ ವಿಶ್ವವಿದ್ಯಾಲಯದ ರೆಕ್ಟರ್ ಬರುತ್ತಾರೆ, ರಾಯಭಾರ ಕಚೇರಿಯವರು ಬರುತ್ತಾರೆ, ಅಷ್ಟರೊಳಗೆ ಚೀನೀ ಭಾಷಾ ಕೇಂದ್ರದ ಈ ಜೋಡಿ ಬಾಗಿಲಿಗೆ ಹೊಸ ವರ್ಷದ ಕೆಂಪು ಕಾಗದ ಏರಬೇಕು, ಎಡಕ್ಕೊಂದು ಬಲಕ್ಕೊಂದು, ಬಲ್ಗೇರಿಯಾದ ಮಕ್ಕಳೇ ಕುಂಚ ಹಿಡಿದು ಬರೆದ ಶುಭನುಡಿ, ಶೀತವಾದವರಂತೆ ಒಂದೊಂದು ಅಕ್ಷರಕ್ಕೂ ಮೂಗು ಸೋರಿದೆ, ಇನ್ನೊಂಚೂರು ಮೇಲಕ್ಕೆ ಕಣೇ, ನಿಮ್ ಚೀನಾದಲ್ಲಿ ಬಾಗ್ಲೆಲ್ಲ ಸೊಟ್ಟಗಿರ್ತಾವಾ — ಇದು ರಾದೋಸ್ತಿನಾ, ಇದೇ ರೂಸೆ ಊರಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿ. ಈ ಊರಿನವರೂ ಬಾಗಿಲಿಗೆ ಕಾಗದ ಅಂಟಿಸುತ್ತಾರೆ, ಆದರೆ ಸತ್ತವರದು, ಫೋಟೋ, ಹೆಸರು, ತಾರೀಖು, ಕಪ್ಪು ಅಂಚು, ನಲವತ್ತು ದಿನಕ್ಕೊಂದು, ವರ್ಷಕ್ಕೊಂದು. ಬಂದ ಹೊಸದರಲ್ಲಿ ಚುನಾವಣೆಗೆ ನಿಂತವರು ಅಂದುಕೊಂಡಿದ್ದಳು, ಇಷ್ಟೊಂದು ಮುದುಕರು ನಿಂತಿದ್ದಾರಲ್ಲ ಎಂದು ಕೇಳಿದಾಗ ರಾದೋಸ್ತಿನಾ ಕೆಮ್ಮು ಬರುವಷ್ಟು ನಕ್ಕು, ಇವರೆಲ್ಲ ಸ್ಪರ್ಧೆ ಮುಗಿಸಿದೋರು ಕಣೇ ಅಂದಿದ್ದಳು. ನಮ್ಮ ಕಡೆ ಸಾವಾದರೆ ಅಂಟಿಸುವುದಲ್ಲ, ಕೆರೆಯುವುದು. ಅಪ್ಪ ಹೋದಾಗ ಇವಳಿಗೆ ಹನ್ನೊಂದು ವರ್ಷ, ಅವ್ವ ಬಿಸಿನೀರು ಚೆಲ್ಲಿ ತರಕಾರಿ ಚಾಕುವಿನಿಂದ ಬಾಗಿಲಿನ ಕೆಂಪನ್ನೆಲ್ಲ ಕೆರೆದಳು, ಕೆಂಪು ನೀರು ಹೊಸ್ತಿಲಿನವರೆಗೆ ಹರಿಯಿತು, ಇನ್ನು ಮೂರು ವರ್ಷ ಕೆಂಪು ಕೂಡದು ಅಂದಳು, ಓಣಿಯೆಲ್ಲ ಕೆಂಪಗಿರುವಾಗ ತಮ್ಮದೊಂದೇ ಬಾಗಿಲು ಬೋಳು, ತಮ್ಮ ದೆಹೈ ಬೇಜಾರಿಗೆ ಅಳುತ್ತಿದ್ದ, ಅವನನ್ನು ನಗಿಸಲು ಇವಳು ಅವ್ವನ ದನಿ ತೆಗೆದು ಬೈಯುತ್ತಿದ್ದಳು, ಕೆಮ್ಮು ಸಮೇತ, ಆಮೇಲೆ ಅವನೂ ಕಲಿತ, ಇವಳಿಗಿಂತ ಚೆನ್ನಾಗಿ ಕಲಿತ.

ಇವತ್ತು ಬೆಳಿಗ್ಗೆ ಎಂಟಕ್ಕೆ ಊರಿಗೆ ವಿಡಿಯೋ ಫೋನು, ಅಲ್ಲಿ ಮಧ್ಯಾಹ್ನ ಎರಡು, ಹಬ್ಬದ ದಿನ ಅಷ್ಟು ಹೊತ್ತಿಗೆ ಅಂಟಿಸದ ಮನೆಯೇ ಇಲ್ಲ ಊರಲ್ಲಿ, ದೆಹೈ ಅಂಗಳದ ಹಿಮ ತೋರಿಸುತ್ತೇನೆಂದು ಫೋನು ತಿರುಗಿಸಿದ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ಹಾದುಹೋಯಿತು — ಕಪ್ಪು ಮರ, ಅದರ ಮೇಲೆ ಉದ್ದಕ್ಕೆ ಎರಡು ಬಿಳಿಚಿದ ಪಟ್ಟಿ, ಹಳೇ ಕಾಗದ ಕೆರೆದ ಗುರುತು. ಏನೋ, ಇನ್ನೂ ಅಂಟ್ಸಿಲ್ವಾ. ಚಳಿಗೆ ಅಂಟು ಗಟ್ಟಿಯಾಗ್ಬಿಡ್ತಕ್ಕ, ಸಂಜೆ ಅಂಟಿಸ್ತೀನಿ. ಅವ್ವ? ಮಲಗವ್ಳೆ. ಹಳೆಯದನ್ನು ಕೆರೆದ ಕೈ ಹೊಸದನ್ನು ಅಂಟಿಸಿಯೇ ತೊಳೆಯುವುದು ರೂಢಿ, ಆ ಪಟ್ಟಿಗಳ ಮೇಲೆ ಧೂಳು ಕೂತಿತ್ತು, ಇಲ್ಲ, ಹಿಮವಿರಬೇಕು, ಧೂಳೇ, ಕೆರೆದು ಎಷ್ಟೋ ದಿನವಾದ ಧೂಳು — ಭಾನುವಾರ ಅವ್ವ ಮಾತಾಡಿದಳಲ್ಲ, ಮಂಚದ ಪರದೆಯ ಹಿಂದಿನಿಂದ, ಗಂಟಲು ಕಟ್ಟಿದೆ ಎಂದು ನಾಲ್ಕೇ ಮಾತು, ತಣ್ಣೀರು ಕುಡೀಬ್ಯಾಡ, ಚೆನ್ನಾಗಿ ಪಾಠ ಮಾಡು, ಆಮೇಲೆ ಕೆಮ್ಮು, ಸತ್ತವರು ಕೆಮ್ಮುತ್ತಾರೆಯೇ. ಬಾಯಲ್ಲಿ ದೆಹೈ ಎಷ್ಟು ಸುಳ್ಳಾದರೂ ಹೇಳಿಯಾನು, ಸೂತಕದ ಬಾಗಿಲಿಗೆ ಕೆಂಪು ಅಂಟಿಸಲು ಅವನ ಕೈ ಮಾತ್ರ ಏಳದು. ಮತ್ತೆ ಈ ಮಿಯಾವ್ ಸರ್, ಚೀನಾದ ವಿಶ್ವವಿದ್ಯಾಲಯ ಕಳಿಸಿದ ಕೇಂದ್ರದ ನಿರ್ದೇಶಕರು, ಇಲ್ಲಿಯ ಬೆಕ್ಕುಗಳೂ ಹಾಗೇ ಕೂಗುವುದರಿಂದ ಅವರ ಹೆಸರು ಹೇಳಿದೊಡನೆ ಮಕ್ಕಳು ಹಾಲು ತರಲಾ ಅನ್ನುತ್ತಾರೆ, ಇವಳಿಗೆ ನೂರನಾಲ್ಕು ಜ್ವರ ಬಂದಾಗಲೂ ನಾವು ಸಂಸ್ಕೃತಿಯ ಸೇತುವೆಗಳು ಮೇಡಂ, ಸೇತುವೆ ರಜಾ ಹಾಕಿದ್ರೆ ಜನ ನದಿಗೆ ಬೀಳ್ತಾರೆ ಎಂದವರು — ಗುಟುಕು ಚಹಾ, ಗಂಟಲು ಸರಿಪಡಿಸಿಕೊಳ್ಳುವುದು, ಅವರ ದನಿ ಇವಳಿಗೆ ಬಾಯಿಪಾಠ — ಇವತ್ತು ಬೆಳಿಗ್ಗೆ ಗುಟುಕೂ ಇಲ್ಲ ಸೇತುವೆಯೂ ಇಲ್ಲ, ನೀವು ಅಂಟಿಸೋದು ಬೇಡ ಮೇಡಂ, ರಾದೋಸ್ತಿನಾ ಅಂಟಿಸ್ಲಿ, ನೀವು ವಿಶ್ರಾಂತಿ ತಗೊಳ್ಳಿ ಎಂದು ನೆಲಕ್ಕೆ ಹೇಳಿದರು. ವಿಶ್ರಾಂತಿ. ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಭಾಷೆ ಕೊಟ್ಟು ಭಾಷೆ ಕಲಿಸಲು ಬಂದವಳಿಗೆ ಮೊದಲ ಸಲ ವಿಶ್ರಾಂತಿ. ಅವರು ಫೋನು ಹಿಡಿದು ಆಚೆ ಹೋದದ್ದೇ ಇವಳು ಸ್ಟೂಲು ಹತ್ತಿದ್ದು, ಯಾಕೆಂದರೆ ಅಂಟಿಸಿದರೆ ಅವ್ವ ಇದ್ದಾಳೆ, ಸೂತಕದವಳು ಕೆಂಪು ಮುಟ್ಟುವುದಿಲ್ಲ, ತಾನು ಮುಟ್ಟಿದ್ದೇನೆ, ಆದ್ದರಿಂದ ಸೂತಕವಿಲ್ಲ, ಎಡಪಟ್ಟಿ ಅಂಟಿತು, ಬಲಪಟ್ಟಿಯ ಮೇಲ್ತುದಿ ಅಂಟಿತು, ಇನ್ನು ಅಂಗೈಯಲ್ಲಿ ಒತ್ತುತ್ತ ಕೆಳಗೆ ಬಂದರೆ ಆಯಿತು, ಒಂದು ಗೇಣು, ಎರಡು ಗೇಣು —

ಬೂಟಿನ ಸದ್ದು. ಇಳೀರಿ ಮೇಡಂ. ಸ್ಟೂಲು ಅಲುಗುತ್ತದೆ, ಮಿಯಾವ್ ಸರ್ ಕೈ ಚಾಚಿದ್ದಾರೆ, ಇವಳಿಗೆ ಆಸರೆ ಕೊಡಲು ಎಂದುಕೊಳ್ಳುತ್ತಾಳೆ, ಆ ಕೈ ಇವಳನ್ನು ದಾಟಿ ಕಾಗದವನ್ನು ಹಿಡಿಯುತ್ತದೆ, ಮಲಗಿದ ಮಗುವಿನ ಹೊದಿಕೆ ಸರಿಸುವವರಂತೆ ಎರಡೇ ಬೆರಳಲ್ಲಿ, ಹುಷಾರಾಗಿ. ಹಾಗಾದರೆ ಕೇಳಲೇಬೇಕಿಲ್ಲ, ಆದರೂ ಬಾಯಿ ಕೇಳುತ್ತಿದೆ, ಯಾವತ್ತು ಸರ್, ಟೋಪಿಗಳು ಮೇಲೆ ನೋಡುತ್ತಿವೆ, ರಾದೋಸ್ತಿನಾಗೆ ಚೀನೀ ಬರುತ್ತದೆ, ಅವಳ ನಗು ಮುಖದಲ್ಲೇ ಉಳಿದುಬಿಟ್ಟಿದೆ, ಹತ್ತೊಂಬತ್ತು ದಿನ ಆಯ್ತು ಮೇಡಂ, ನಿಮ್ಮವ್ವಾನೇ ಹೇಳಿದ್ರಂತೆ, ಅವ್ಳ ಕೆಲ್ಸ ಮುಗಿಯೋವರ್ಗೂ ತಿಳಿಸ್ಬೇಡಿ ಅಂತ, ಯೂನಿವರ್ಸಿಟಿಯೋರೂ ಹಾಗೇ ಇರ್ಲಿ ಅಂದ್ರು. ಹತ್ತೊಂಬತ್ತು, ಆ ಭಾನುವಾರ ಕಳೆದು ಇನ್ನೂ ಐದೇ ದಿನ, ತಣ್ಣೀರು ಕುಡೀಬ್ಯಾಡ, ಪರದೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ತಮ್ಮ ಕೆಮ್ಮುತ್ತಿದ್ದಾನೆ, ಎಷ್ಟು ಚೆನ್ನಾಗಿ ಕೆಮ್ಮಿದ, ತಾನೇ ಕಲಿಸಿದ್ದು, ರೆಕ್ಟರ್ ಬಂದರು ಎಂದು ಯಾರೋ ಅನ್ನುತ್ತಿದ್ದಾರೆ, ಟಿಕೇಟು, ಇಸ್ತಾಂಬುಲ್ ಮೇಲಿಂದ, ಹೋಗಿ ಯಾರ ಮುಖ ನೋಡುವುದು, ಮಣ್ಣು ಮಾಡಿ ಎಷ್ಟು ದಿನವಾಯಿತೋ, ಚಾಕು ಹಿಡಿದವನು ದೆಹೈಯೇ ಇರಬೇಕು, ಬಿಸಿನೀರು, ಹೊಸ್ತಿಲು, ಬಾಗಿಲು, ಇಳೀರಿ ಮೇಡಂ, ಬಾಗಿಲು, ಕಪ್ಪು ಮರ, ಉದ್ದಕ್ಕೆ ಎರಡು ಬಿಳಿಚಿದ ಪಟ್ಟಿ, ಎರಡು ಪಟ್ಟಿ, ಅದರ ಮೇಲೆ ಧೂಳು