ಹೊತ್ತು ಮುಳುಗಿದ ಮೇಲೆ

ಜೂನ್ ತಿಂಗಳಲ್ಲಿ ಅಲಾಸ್ಕಾದ ಉತ್ತರ ತುದಿಯಿಂದ ಆಂಕರೇಜ್‌ಗೆ ಕಣ್ಣು ತೋರಿಸಲು ಬಂದ ಫ್ಲಾಸಿ ಅಜ್ಜಿಗೆ ಡಾಕ್ಟರ ಪ್ರಶ್ನೆಗಳು ಸಾಕುಸಾಕಾದವು. ಲಿವರ್ ಸರಿಯಿದೆಯೇ, ಯಾವ ಔಷಧಿ ಒಗ್ಗುವುದಿಲ್ಲ, ಎಲ್ಲ ಕೇಳಿದ್ದರು. ಡಾಕ್ಟರು ಟೆಕ್ಸಾಸ್‌ನಿಂದ ಹೊಸದಾಗಿ ಬಂದ ಹುಡುಗ, ಪಾಪ.

"ಲೇಸರ್‌ಗೆ ಮುಂಚೆ ರಕ್ತಕ್ಕೆ ಒಂದು ಔಷಧಿ ಕೊಡ್ತೀವಿ ಅಜ್ಜಿ. ಆಮೇಲೆ ಐದು ದಿನ ಬಿಸಿಲು ತಾಗಿದ್ರೆ ಚರ್ಮ ಸುಟ್ಟುಹೋಗುತ್ತೆ. ಹೊತ್ತು ಮುಳುಗಿದ ಮೇಲೇ ಹೊರಗೆ ಹೋಗಿ."

"ಆಯ್ತಪ್ಪ, ಆಗಸ್ಟ್‌ನಲ್ಲಿ ಹೋಗ್ತೀನಿ."

"ಆಗಸ್ಟಾ? ಐದೇ ದಿನ ಅಂದೆನಲ್ಲ!"

"ನಮ್ಮೂರಲ್ಲಿ ಹೊತ್ತು ಮುಳುಗೋದೇ ಆಗಸ್ಟ್‌ನಲ್ಲಿ ಕಣಪ್ಪ. ಬಯಲಲ್ಲಿ ಮಾಂಸ ಹಂಚೋ ತಿಮಿಂಗಿಲದ ಹಬ್ಬ ಬೇರೆ ಬಂತು, ನನ್ನ ಪಾಲಿನ ಮಾಂಸಾನೂ ನಾದಿನೀನೇ ತಿಂತಾಳೆ."

ಡಾಕ್ಟರು ತಲೆ ಕೆರೆದುಕೊಂಡರು. "ಹಾಗಾದ್ರೆ ಐದು ದಿನ ಮನೆಯೊಳಗೇ ಇರಿ."

"ಇರ್ತೀನಿ ಬಿಡು. ಆದ್ರೆ ನನ್ನ ಲಿವರ್ ವಿಚಾರಿಸಿದೋನು ಊರು ಯಾವುದು ಅಂತ ಒಂದು ಮಾತು ಕೇಳಬಾರದಿತ್ತಾ?"