ತಲೆಗಾಗಿ ಕಾದ ಹಲಗೆ

ನಾನು ಒಂದು ಬೀಟೆಮರದ ಹಲಗೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ತುದಿ ಕೆಳಗಾಗಿ ನೇತುಬಿದ್ದ ಅರಳಿ ಎಲೆಯ ಆಕಾರ. ಬೇಟೆಯಾಡಿದ ಪ್ರಾಣಿಯ ತಲೆಯನ್ನು ಗೋಡೆಗೆ ಹಾಕುತ್ತಾರಲ್ಲ, ಆ ತಲೆಯ ಬೆನ್ನಿಗೆ ಇರುವವನು ನಾನು. ತಲೆಯನ್ನು ನೋಡಿದವರು ಹಲಗೆಯನ್ನು ನೋಡುವುದಿಲ್ಲ. ಆದ್ದರಿಂದ ನನ್ನ ಜಾತಿಯವರು ಯಾರೂ ಕಥೆ ಹೇಳಲು ಹೋಗುವುದಿಲ್ಲ. ನನ್ನ ಮೇಲೆ ತಲೆ ನಿಂತದ್ದು ಒಂಬತ್ತೇ ದಿನ. ಉಳಿದ ಆಯುಷ್ಯವೆಲ್ಲ ಬರಿದೇ ಕಳೆಯಿತು. ಹಾಗಾಗಿ ನನಗೆ ಹೇಳುವುದಕ್ಕೆ ಏನೋ ಒಂದಿಷ್ಟಿದೆ.

ನಾನು ಹುಟ್ಟಿದ್ದು ಹುಣಸೂರಿನಲ್ಲಿ. ಬೇಟೆಗೆ ಸರ್ಕಾರ ಇನ್ನೂ ಪರವಾನಗಿ ಕೊಡುತ್ತಿದ್ದ ಕಾಲ. ಪುಟ್ಟಲಿಂಗಾಚಾರಿ ಯಾರದೋ ಮದುವೆಯ ಮಂಚ ಮಾಡಿ ಮುಗಿಸಿದ್ದ. ಅದರಲ್ಲಿ ಉಳಿದ ತುಂಡನ್ನು ಮುಂದಿಟ್ಟುಕೊಂಡು ಕೇಳಿದ.

"ಯಾವ ತಲೆಗೆ, ಬುದ್ಧಿ? ಕಡವೇದೋ, ಜಿಂಕೇದೋ?"

"ಜಿಂಕೆ. ಇನ್ನೂ ಹೊಡೆದಿಲ್ಲ," ಎಂದರು ಎದುರಿಗೆ ನಿಂತಿದ್ದ ದೇಪರಾಜೇ ಅರಸರು.

ಆಚಾರಿ ಉಳಿ ಕೆಳಗಿಟ್ಟ. "ಎಲ್ರೂ ಹೊಡೆದ್ಮೇಲೆ ಹಲಗೆ ಮಾಡುಸ್ತಾರೆ. ನೀವು ತೊಟ್ಲು ಕಟ್ಟಿ ಆಮೇಲೆ ಹೆಣ್ಣು ನೋಡಕ್ಕೆ ಹೊರಟಂಗಾಯ್ತಲ್ಲ!"

"ನಿನ್ನ ಬಾಯಿಗೂ ಒಂದು ಗೂಟ ಹೊಡ್ಕೊ. ಕೆಲಸ ಮಾಡು."

ಅರಸರ ಅವಸರಕ್ಕೆ ಕಾರಣವಿತ್ತು. ಅವರ ಹಜಾರದಲ್ಲಿ ಅವರ ತಂದೆ ಹೊಡೆದ ಜಿಂಕೆಯ ತಲೆ ಇತ್ತು. ಕೊಂಬು ಮೂವತ್ತನಾಲ್ಕು ಇಂಚು. ಅರಸರಿಗೆ ಗಂಡುಮಗ ಇರಲಿಲ್ಲ. ಹೆಂಡತಿಯ ತಮ್ಮ ಮರಿರಾಜೇ ಅರಸ್ ಒಂದು ಮದುವೆಯ ಪಂಕ್ತಿಯಲ್ಲಿ ಹತ್ತು ಜನರ ಮುಂದೆ, "ಭಾವ, ಇನ್ನು ನಿಮ್ಮ ಕೋವಿಗಳಿಗೆ ಎಣ್ಣೆ ಸವರಿ ಅಟ್ಟಕ್ಕೆ ಹಾಕಿಬಿಡಿ. ಎತ್ತೋರು ಯಾರಿದ್ದಾರೆ?" ಎಂದಿದ್ದ. ಅರಸರು ಎಲೆ ಬಿಟ್ಟು ಎದ್ದು ಬಂದಿದ್ದರು. ಬಂದವರೇ ಹನ್ನೊಂದು ವರ್ಷದ ಮಗಳು ಪದ್ಮಾಜಮ್ಮಣ್ಣಿಯ ಕೈಗೆ ಒಂಟಿನಳಿಗೆಯ ಕೋವಿ ಕೊಟ್ಟರು. ಆರು ತಿಂಗಳು ಅವಳ ಬಲಭುಜ ಕಂದುಗಟ್ಟುವ ಹಾಗೆ ಗುರಿ ಕಲಿಸಿದರು.

ಮೈಸೂರಿನಲ್ಲಿ ನನಗೊಂದು ಹಿತ್ತಾಳೆ ತಗಡು ಕೆತ್ತಿಸಿದರು. ಕೆತ್ತುವವನು ಹೆಸರು ಬರೆದುಕೊಂಡು, "ಅಳತೆ?" ಎಂದ. ಅರಸರು ಒಂದು ಗಳಿಗೆಯೂ ಯೋಚಿಸಲಿಲ್ಲ. "ಮೂವತ್ತನಾಲ್ಕು ಹಾಕು." ಹೀಗೆ ಕಾಡಿನಲ್ಲಿ ಎಲ್ಲೋ ಹುಲ್ಲು ಮೇಯುತ್ತಿದ್ದ ಪ್ರಾಣಿಯ ಕೊಂಬಿನ ಅಳತೆಯನ್ನು ಪೇಟೆಯ ಅಂಗಡಿಯಲ್ಲಿ ಕುಳಿತು ನಿಶ್ಚಯಿಸಿದರು. ನಾಲ್ಕು ಸಣ್ಣ ತಿರುಪು ಹಾಕಿ ಆ ತಗಡನ್ನು ನನ್ನ ಎದೆಗೆ ಬಿಗಿದರು: "ಚಿ. ಪದ್ಮಾಜಮ್ಮಣ್ಣಿ ಹೊಡೆದದ್ದು. ೩೪ ಇಂಚು." ನನಗೆ ಹೆಮ್ಮೆಯೋ ಹೆಮ್ಮೆ. ಸುಳ್ಳನ್ನು ಎದೆಯ ಮೇಲೆ ಹೊತ್ತಿದ್ದೇನೆಂದು ಆಗ ನನಗೆ ಹೊಳೆಯಲಿಲ್ಲ.

ನನ್ನನ್ನು ಕಾಡಿಗೂ ಒಯ್ದರು. ತಲೆ ಸಿಕ್ಕಿದ ಕೂಡಲೇ ಅಲ್ಲಿಂದಲೇ ಮೈಸೂರಿಗೆ, ಚರ್ಮ ತುಂಬುವವನ ಬಳಿಗೆ ಓಡಬೇಕೆಂಬ ಲೆಕ್ಕ. ಜೀಪು ಇಳಿದ ಮೇಲೆ ಅರಸರು ನನ್ನನ್ನು ಬಟ್ಟೆಚೀಲಕ್ಕೆ ಹಾಕಿ ಮಗಳ ಬೆನ್ನಿಗೆ ಏರಿಸಿದರು.

"ಭಾರ ಅಪ್ಪಾಜಿ."

"ಭಾರ ಇದ್ದರೆ ಯಾತಕ್ಕೆ ಬಂದಿದೀಯ ಅನ್ನೋದು ನೆನಪಿರುತ್ತೆ."

ದಾರಿ ತೋರಿಸುವವನು ಬೊಳ್ಳ, ಜೇನುಕುರುಬರವನು. ಅರಸರು ಒಂದು ತಿರುವು ಮುಂದೆ ಹೋಗುವುದನ್ನೇ ಕಾದು ಚೀಲವನ್ನು ತನ್ನ ಹೆಗಲಿಗೆ ಬದಲಿಸಿಕೊಳ್ಳುತ್ತಿದ್ದ. ಅವರು ನಿಂತರೆ ಮತ್ತೆ ಅವಳ ಬೆನ್ನಿಗೆ. ಮೂರು ದಿನವೂ ಇಬ್ಬರೂ ಈ ಕಳ್ಳಾಟ ಆಡಿದರು. ಹುಡುಗಿಗೆ ಬೇಟೆಯ ಮೊದಲ ಖುಷಿ ಸಿಕ್ಕಿದ್ದೇ ಅಲ್ಲಿ.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಕೊಂಬು ಹುಡುಕಬೇಕಾದವಳು ನೆಲ ನೋಡುತ್ತಾ ನಡೆಯುತ್ತಿದ್ದಳು. ಕರಡಿ ಉಗುರು ಎಳೆದ ಮರ ಕಂಡರೆ ಬೆರಳಿಟ್ಟು ನೋಡುವುದು. ಬೊಳ್ಳ ಆನೆಯ ಲದ್ದಿ ಬಿಡಿಸಿ, "ಇನ್ನೂ ಬೆಚ್ಚಗೈತೆ, ಮುಟ್ಟಿ ಅಮ್ಮಣ್ಣಿ," ಎಂದರೆ ಮುಟ್ಟಿಯೂ ಬಿಡುವುದು! ನೆಲ್ಲಿಕಾಯಿ ತಿಂದು ತೊರೆಯ ನೀರು ಕುಡಿದು, "ಸಿಹಿಯಾಗಿದೆ ಅಪ್ಪಾಜಿ, ನೀವೂ ಕುಡೀರಿ," ಎಂದು ಕೂಗಿದಳು. ಅರಸರು ಹಲ್ಲು ಕಡಿದರು. "ಕೂಗು, ಇನ್ನೂ ಜೋರಾಗಿ ಕೂಗು. ಜಿಂಕೆಗಳಿಗೆ ಊಟಕ್ಕೆ ಬನ್ನಿ ಅಂತ ಹೇಳು."

ಮೊದಲ ದಿನ ಸಂಜೆಗೆ ಮೊದಲು ಅವಳು ಒಂದು ಕಾಡುಕೋಳಿ ಹೊಡೆದಳು. ಪೊದೆಯಿಂದ ಬುರ್ರನೆ ಎದ್ದ ಹುಂಜ. ಅವಳು ಕೋವಿ ಎತ್ತಿದ್ದೂ ಅದು ಬಿದ್ದದ್ದೂ ಒಟ್ಟಿಗೆ. ಬೊಳ್ಳ ಬಾಯಮೇಲೆ ಕೈ ಇಟ್ಟ. "ಹಾರೋದನ್ನ ಹೊಡೆದವ್ರೆ ಬುದ್ಧಿ! ದೊಡ್ಡೋರ ಕೈಲೂ ಆಗಾಕಿಲ್ಲ."

ಅವಳು ಹುಂಜವನ್ನು ಎರಡೂ ಕೈಯಲ್ಲಿ ಹಿಡಿದು ಓಡಿಬಂದಳು. ಕತ್ತಿನ ಗರಿ ಬಿಸಿಲಿಗೆ ತಾಮ್ರದ ಹಾಗೆ ಹೊಳೆಯುತ್ತಿತ್ತು. "ಅಪ್ಪಾಜಿ, ಒಂದೇ ಏಟು!"

ಅರಸರು ಅದನ್ನು ಕಾಲು ಹಿಡಿದು ಕಿತ್ತುಕೊಂಡರು. "ಇದರ ತಲೇನ ಹಲಗೆಗೆ ಹೊಡೆಸಲಾ? ನಿಮ್ಮ ಮಾವ ಬಂದು ಕೊಕ್ಕು ಅಳೀಲಾ? ಇದ್ದಬದ್ದ ಜಿಂಕೆಯೆಲ್ಲ ಸದ್ದಿಗೆ ಓಡಿಹೋಯ್ತು." ಹುಂಜವನ್ನು ಲಂಟಾನದ ಪೊದೆಗೆ ಬೀಸಿ ಒಗೆದರು.

ಹುಡುಗಿ ಅಳಲಿಲ್ಲ. ಕೈಗೆ ಅಂಟಿದ್ದ ಒಂದು ಗರಿಯನ್ನು ಲಂಗದ ಮಡಿಕೆಗೆ ಸಿಕ್ಕಿಸಿಕೊಂಡಳು. ಒಳ್ಳೆಯದೇ ಆಯಿತು ಎಂದುಕೊಂಡೆ ನಾನು. ಕೋಳಿತಲೆ ಹೊರುವ ಗತಿ ನನಗೆ ಯಾಕೆ?

ಎರಡನೆಯ ದಿನ ಒಂದು ಗಂಡುಜಿಂಕೆ ಐವತ್ತು ಹೆಜ್ಜೆಯಲ್ಲಿ ಅಡ್ಡ ನಿಂತಿತು. ಹುಡುಗಿ ಗುರಿ ಹಿಡಿದಳು. ಅರಸರು ಕೋವಿಯ ನಳಿಗೆಯನ್ನು ಅದುಮಿ ಕೆಳಗಿಳಿಸಿದರು. "ಇಪ್ಪತ್ತೆಂಟು ಇದ್ದರೆ ಹೆಚ್ಚು. ಬೇಡ."

"ಅದು ನಮ್ಮನ್ನೇ ನೋಡ್ತಿತ್ತಲ್ಲ ಅಪ್ಪಾಜಿ, ರೆಪ್ಪೆ ಕೂಡ ಕಾಣ್ತಿತ್ತು!"

"ರೆಪ್ಪೆ ಅಳೆಯೋ ಟೇಪು ನನ್ನ ಹತ್ರ ಇಲ್ಲ."

ಮೂರನೆಯ ದಿನ ಬಂದದ್ದು ದೊಡ್ಡದು. ನೀರಿಗೆ ಇಳಿಯುತ್ತಿತ್ತು. ಹುಡುಗಿ ನನ್ನ ಮೇಲೆಯೇ ಕುಳಿತಿದ್ದಳು, ನೆಲ ಒದ್ದೆ ಎಂದು. ಗುರಿ ಹಿಡಿದ ಕೈ ಸ್ಥಿರವಾಗಿಯೇ ಇತ್ತು. ಆದರೆ ಅರಸರು ಅವಳ ಕಿವಿಯಲ್ಲಿ ನಿಲ್ಲಿಸದೆ ಪಿಸುಗುಟ್ಟಿದರು. "ಎಡಕ್ಕೆ. ಅಷ್ಟಲ್ಲ. ಉಸಿರು ಹಿಡಿ. ಇದು ಹೋದರೆ ಮರಿರಾಜ ಊರೆಲ್ಲ ಸಾರ್ತಾನೆ. ಭುಜದ ಹಿಂದೆ. ನಡುಗಬೇಡ. ನಡುಗ್ತಿದೀಯ ನೋಡು..."

ಹುಡುಗಿ ಹಿಂದೆ ತಿರುಗಿದಳು. "ನೀವು ಸುಮ್ನಿರಿ ಅಪ್ಪಾಜಿ!"

ಜಿಂಕೆ ನೆಗೆಯಿತು. ಅರಸರು ತಮ್ಮ ಕೋವಿ ಎತ್ತಿ ಓಡುತ್ತಿದ್ದುದನ್ನೇ ಉರುಳಿಸಿದರು. ಓಡಿಹೋಗಿ ಟೇಪು ಹಿಡಿದರು. ಮೂವತ್ತೊಂದೂವರೆ. ಇನ್ನೊಮ್ಮೆ ಹಿಡಿದರು. ಅಷ್ಟೇ.

"ಒಣಗಿದ ಮೇಲೆ ಸ್ವಲ್ಪ ಉದ್ದ ಆಗುತ್ತೆ," ಎಂದರು.

"ಒಣಗಿದ್ರೆ ಕುಗ್ತದೆ ಬುದ್ಧಿ," ಎಂದ ಬೊಳ್ಳ.

"ನಿನ್ನನ್ನ ಕೇಳಿದೆನಾ?"

ಹೊರಡುವ ಹೊತ್ತಿಗೆ ಬೊಳ್ಳ ಹುಡುಗಿಗೆ ಹೇಳಿದ, "ಬ್ಯಾಸ್ಗೇಲಿ ಬನ್ನಿ ಅಮ್ಮಣ್ಣಿ. ಹೆಜ್ಜೇನು ಇಳ್ಸೋದು ತೋರುಸ್ತೀನಿ." ಆಮೇಲಿನ ತಿಂಗಳುಗಳಲ್ಲಿ ಅವಳ ಬಾಯಲ್ಲಿ ಅದೊಂದೇ ಮಾತು. ಬೇಸಿಗೆಗೆ ಎಷ್ಟು ದಿನ ಇದೆ? ಕಾಡಿಗೆ ಯಾವ ಬಟ್ಟೆ? ಅಡುಗೆಯ ಕೆಂಪಮ್ಮನ ಕಿವಿ ತೂತುಬಿತ್ತು.

ಜಿಂಕೆಯ ತಲೆ ತುಂಬಿಸಿಕೊಂಡು ಬಂತು. ನನ್ನ ಮೇಲೆ ಕೂರಿಸಿ ಹಜಾರಕ್ಕೆ ಹಾಕಿದರು. ಗಾಜಿನ ಕಣ್ಣು, ಎರಡು ಕೊಂಬಿನ ಭಾರ. ಹಾ! ಆ ಒಂಬತ್ತು ದಿನ ನನ್ನಂಥ ಹಲಗೆ ಮೈಸೂರು ಸೀಮೆಯಲ್ಲೇ ಇರಲಿಲ್ಲ ಎಂದುಕೊಂಡೆ. ಒಂಬತ್ತನೆಯ ದಿನ ಆಯುಧಪೂಜೆ. ನೆಂಟರೆಲ್ಲ ಊಟಕ್ಕೆ ಬರುವವರು, ಮರಿರಾಜನೂ.

ಹಿಂದಿನ ದಿನವೇ ಅರಸರು ಮಗಳನ್ನು ನನ್ನ ಕೆಳಗೆ ನಿಲ್ಲಿಸಿಕೊಂಡು ಹೇಳಿದ್ದರು. "ಯಾರು ಕೇಳಿದರೂ ನೀನೇ ಹೊಡೆದದ್ದು. ಏನೂ ಹೇಳೋಕಾಗದಿದ್ದರೆ ಬಾಯಿ ಮುಚ್ಚಿಕೊಂಡಿರು, ಸಾಕು. ಬೇಸಿಗೆಗೆ ಬೊಳ್ಳನ ಜೊತೆ ಜೇನಿಗೆ ಕಳಿಸ್ತೀನಿ. ಇಲ್ಲ ಅಂದ್ರೆ ಕಾಡಿನ ಹೆಸರು ಎತ್ತಬೇಡ."

ಕೋವಿಗಳಿಗೆಲ್ಲ ಕುಂಕುಮ, ಸೇವಂತಿಗೆ. ಊಟವಾಯಿತು. ಮರಿರಾಜ ಎಲೆಯಡಿಕೆ ಅಗಿಯುತ್ತಾ ನನ್ನ ಮುಂದೆ ನಿಂತ. ಜೇಬಿನಿಂದ ಟೇಪು ತೆಗೆದ. ಮನೆಯಿಂದಲೇ ತಂದಿದ್ದ! ಮುಕ್ಕಾಲಿ ಹತ್ತಿ ಅಳೆದ.

"ಭಾವ, ನಿಮ್ಮ ತಗಡಿಗೂ ಟೇಪಿಗೂ ಎರಡೂವರೆ ಇಂಚು ಜಗಳ ಇದೆಯಲ್ಲ!"

ನಗು ಎದ್ದಿತು. "ಅಳೆಯೋ ಕೈ ವಾಲಿದೆ. ಇಳಿ ಕೆಳಗೆ," ಎಂದರು ಅರಸರು.

"ಆಯ್ತು, ಇಂಚು ಹೋಗಲಿ. ಅಮ್ಮಣ್ಣಿ, ಬಾ ಇಲ್ಲಿ. ಗುಂಡು ಎಲ್ಲಿಗೆ ಬಿತ್ತು, ಹೇಳು ಮಾವನಿಗೆ."

ಹುಡುಗಿ ಅಪ್ಪನ ಮುಖ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು. ನಾನೂ ಮೇಲಿನಿಂದ ಬೇಡಿಕೊಂಡೆ: ಸುಮ್ಮನಿರೇ, ಮುಂಡೇದೆ, ನಿನ್ನ ಜೇನಿಗಾಗಿಯಾದರೂ ಸುಮ್ಮನಿರು.

"ಅದನ್ನ ಅಪ್ಪಾಜೀನ ಕೇಳಿ ಮಾವ," ಎಂದಳು. "ನಾನು ಹೊಡೆದಿದ್ದು ಕಾಡುಕೋಳಿ. ಹಾರ್ತಿದ್ದಿದ್ದು. ಒಂದೇ ಏಟಿಗೆ."

ಮರಿರಾಜ ಕೆಮ್ಮು ಬರುವವರೆಗೆ ನಕ್ಕ. ನೆಂಟರು ಚಪ್ಪಲಿ ಹುಡುಕಿದರು. ಎಲ್ಲರೂ ಹೋದ ಮೇಲೆ ಅರಸರು ಮಗಳನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ, ತಿರುಪುಳಿ ತರಿಸಿದರು. ತಲೆಯನ್ನು ನನ್ನಿಂದ ಬಿಚ್ಚಿ ಹಜಾರದ ಮೂಲೆಗೆ ಸರಿಸಿದರು. ಹಿತ್ತಾಳೆ ತಗಡನ್ನು ಎರಡಾಗಿ ಮಡಿಸಿ ಬಾವಿಗೆ ಹಾಕಿದರು. ನನ್ನನ್ನು ಸೌದೆಮನೆಗೆ ಎಸೆದರು. ಬೇಸಿಗೆ ಬಂತು, ಹೋಯಿತು. ಬೊಳ್ಳ ಒಂದು ದಿನ ಹಿತ್ತಲ ಬಾಗಿಲಿಗೆ ಬಂದು ಒಂದು ಸೋರೆಬುರುಡೆ ಜೇನು ಕೊಟ್ಟುಹೋದ. ಹುಡುಗಿ ಅದನ್ನು ಬಾಯಿಗೆ ಹಾಕಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಜೇನಲ್ಲ.

ಸೌದೆಯ ನಡುವೆ ಬಿದ್ದುಕೊಂಡು ನಾನು ವರ್ಷಗಟ್ಟಲೆ ಅವಳನ್ನು ಶಪಿಸಿದೆ. ಒಂದು ಮಾತು ನುಂಗಿದ್ದರೆ ಅವಳಿಗೆ ಕಾಡು, ನನಗೆ ತಲೆ, ಅಪ್ಪನಿಗೆ ಮರ್ಯಾದೆ. ಇಷ್ಟೂ ಒಂದು ಕೋಳಿಗಾಗಿ ಹಾಳಾಯಿತು.

ಕೆಂಪಮ್ಮ ನನ್ನನ್ನು ಒಲೆಯ ಬಾಯಿಂದ ತಪ್ಪಿಸಿದಳು. "ಇಂಥಾ ಬೀಟೇನ ಸುಡಾಕೆ ಇವ್ರಿಗೇನು ಬಂದೈತೆ!" ಎಂದು ತೊಳೆದು ಸೊಪ್ಪು ಹೆಚ್ಚುವುದಕ್ಕೆ ಇಟ್ಟುಕೊಂಡಳು. ಪದ್ಮಾಜಮ್ಮಣ್ಣಿ ಮದುವೆಯಾಗಿ ಮೈಸೂರಿಗೆ ಹೋಗುವಾಗ ಪಾತ್ರೆಗಳ ಜೊತೆ ನನ್ನನ್ನೂ ಕಟ್ಟಿಕೊಟ್ಟಳು. ಬೇಟೆ ನಿಂತುಹೋಯಿತು. ಹಜಾರದ ತಲೆಗಳಿಗೆ ನುಸಿ ಹಿಡಿಯಿತು. ಮೂವತ್ತನಾಲ್ಕರದ್ದಕ್ಕೂ ಅದೇ, ಮೂವತ್ತೊಂದೂವರೆಯದ್ದಕ್ಕೂ ಅದೇ.

ಮುದುಕರಾದ ಮೇಲೆ ಅರಸರು ಒಮ್ಮೆ ಮಗಳ ಮನೆಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮೇಲಿನ ಈರುಳ್ಳಿ ಸಿಪ್ಪೆಯನ್ನು ನೋಡಿದರು. ಬೆರಳಿನಿಂದ ಸಿಪ್ಪೆ ಸರಿಸಿದರು. ನಾಲ್ಕು ತಿರುಪಿನ ತೂತು ಕಂಡಿತು.

"ಮಣೆ ಚೆನ್ನಾಗಿದೆ," ಎಂದರು.

"ಬೀಟೆ ಅಪ್ಪಾಜಿ."

ಅಷ್ಟೇ. ಊಟ ಮುಗಿಸಿ ಬಸ್ಸಿಗೆ ಹೊರಟರು. ಮೂವತ್ತು ವರ್ಷದಲ್ಲಿ ಅಪ್ಪ ಮಗಳು ಆ ವಿಷಯ ಮಾತಾಡಿದ್ದು ಅಷ್ಟು ಮಾತ್ರ.

ಈಗ ಅವಳೇ ಅಜ್ಜಿ. ಮೊಣಕಾಲು ಬಗ್ಗುವುದಿಲ್ಲ. ಹೊರಗೆ ಹೋದರೆ ಕಲ್ಲಿನ ಮೇಲೆ ಹಾಕಿಕೊಂಡು ಕೂರುವುದಕ್ಕೆ ನನ್ನನ್ನು ಚೀಲದಲ್ಲಿ ಒಯ್ಯುತ್ತಾಳೆ. ಹೋದ ತಿಂಗಳು ಮಗ ಯೋಗೇಶ ತನ್ನ ಎಂಟು ವರ್ಷದ ಮಗಳು ಮಾನ್ಯಳನ್ನು ಗೆಳೆಯನ ತೋಟದ ಹೊಂಡಕ್ಕೆ ಮೀನು ಹಿಡಿಯಲು ಕರೆದೊಯ್ದ. ಹೊಸ ಗಾಳ, ಹೊಸ ಟೋಪಿ, ಕೈಯಲ್ಲಿ ಫೋನು. "ಕಾಟ್ಲಾ ಇದೆಯಂತೆ ಪುಟ್ಟ, ಐದು ಕೆಜಿದು. ಹಿಡಿದರೆ ಸ್ಟೇಟಸ್‌ಗೆ ಹಾಕ್ತೀನಿ. ಆ ಪ್ರಶಾಂತ್ ಅಂಕಲ್ ಉರ್ಕೋಬೇಕು."

ಮಗು ಎರೆಹುಳಕ್ಕೆ ಹೆಸರಿಟ್ಟಿತು. ಏಡಿ ಕಂಡು ಕಿರುಚಿತು. ಯೋಗೇಶ ಗದರುತ್ತಲೇ ಇದ್ದ: "ಕುಣೀಬೇಡ. ಮೀನು ಓಡುತ್ತೆ. ಅಲ್ಲಲ್ಲ, ಆ ಕಡೆ ಹಾಕು." ಎರಡು ಗಂಟೆಯ ಮೇಲೆ ಗಾಳ ಎಳೆಯಿತು. ಬಂದದ್ದು ಒಂದು ಜಿಲೇಬಿ ಮೀನು, ಬೆರಳುದ್ದಕ್ಕಿಂತ ಒಂದು ಚೂರು ಹೆಚ್ಚು.

"ಅಪ್ಪಾ! ನಂದು! ನಾನೊಬ್ಬಳೇ ಎಳೆದೆ!"

"ಥೂ, ಇದನ್ನ ಹಿಡ್ಕೊಂಡು ನಿಂತರೆ ನಗ್ತಾರೆ. ಕೊಡಿಲ್ಲಿ, ಎಸೀತೀನಿ. ಇನ್ನೊಂದು ಸಲ ಹಾಕು." ಅವನು ಮೀನಿನ ಬಾಲ ಹಿಡಿದು ಕೈ ಬೀಸಿದ.

ನನ್ನ ಮೇಲೆ ಕುಳಿತವಳ ಮೈ ಬಿಗಿಯಾದದ್ದು ನನಗೆ ತಿಳಿಯಿತು. ಕಾಡಿನಲ್ಲಿ ದೊಡ್ಡ ಜಿಂಕೆ ಇಳಿದಿದ್ದ ಆ ನೀರಿನ ಅಂಚಿನಲ್ಲೂ ಅವಳು ಹೀಗೇ ಬಿಗಿಯಾಗಿದ್ದಳು.

"ಯೋಗಿ, ಕೈ ಇಳಿಸು."

"ಅಮ್ಮಾ, ಅಂಗೈ ಅಗಲ ಇಲ್ಲ ಇದು!"

"ಯಾರ ಅಂಗೈ? ಅವಳದಕ್ಕಿಂತ ದೊಡ್ಡದಾಗೇ ಇದೆ. ಕೊಡು ಮಗೂಗೆ."

"ನಿಮಗೇನು ಗೊತ್ತಮ್ಮ ಇದೆಲ್ಲ?"

"ನಿನ್ನ ಫೋನಿಗೆ ಗೊತ್ತಿರೋಷ್ಟು ಗೊತ್ತಿಲ್ಲಪ್ಪ. ಕೊಡು."

ಅವನು ಮುಖ ಗಂಟಿಕ್ಕಿ ಕೊಟ್ಟ. ಮನೆಗೆ ಬಂದೆವು. ಅಜ್ಜಿ ನನ್ನನ್ನು ತೊಳೆದು ಅಡುಗೆಕಟ್ಟೆಯ ಮೇಲಿಟ್ಟಳು. ಹುರುಪೆ ಕೆರೆದಳು, ತಲೆ ಕತ್ತರಿಸಿದಳು, ಉಪ್ಪು ಖಾರ ಸವರಿ ಹುರಿದಳು. ಇಡೀ ಮೀನು ಒಂದು ತುತ್ತು. ಮಗು ಅದನ್ನು ಮನೆಯವರಿಗೆಲ್ಲ ಪಾಲು ಮಾಡಬೇಕೆಂದು ಹಟ ಹಿಡಿಯಿತು. ಯೋಗೇಶನಿಗೂ ಒಂದು ಚೂರು ಬಂತು. ಗೊಣಗುತ್ತಲೇ ತಿಂದ. ಮುಳ್ಳನ್ನೂ ಬಿಡಲಿಲ್ಲ.

ತಲೆ ನನ್ನ ಮೇಲೆಯೇ ಉಳಿಯಿತು. ಹುಣಸೆಬೀಜದಷ್ಟು. ಮಗು ಅದನ್ನು ಬೆರಳಿನಿಂದ ತಳ್ಳಿ ತಳ್ಳಿ ನನ್ನ ನಡುವೆ, ಆ ನಾಲ್ಕು ತೂತುಗಳ ಮೇಲ್ಗಡೆ, ನೆಟ್ಟಗೆ ನಿಲ್ಲಿಸಿತು. "ಅಜ್ಜಿ, ನೋಡು, ನನ್ನ ಮೀನು!"

ಅಜ್ಜಿ ನೋಡಿದಳು.

ಕವಲೊಡೆದ ಎರಡು ಕೊಂಬನ್ನು ಒಂಬತ್ತು ದಿನ ಹೊತ್ತವನು ನಾನು. ಭಾರವಿದ್ದದ್ದು ಕೊಂಬಲ್ಲ, ಸುಳ್ಳು ಎಂದು ನನಗೆ ಗೊತ್ತಾದದ್ದು ಈ ಮೀನಿನ ತಲೆ ಹೊತ್ತಾಗ. ಅವಳಿಗೆ ಅದು ಹನ್ನೊಂದನೆಯ ವಯಸ್ಸಿನಲ್ಲೇ ಗೊತ್ತಿತ್ತು. ನನಗೆ ಐವತ್ತು ಚಿಲ್ಲರೆ ವರ್ಷ ಹೆಚ್ಚು ಹಿಡಿಯಿತು. ಮರದ ಬುದ್ಧಿ.

ಮೀನಿನ ತಲೆ ಒಂದು ನಿಮಿಷ ನಿಂತಿತ್ತೋ ಏನೋ. ಕಿಟಕಿಯಿಂದ ಬೆಕ್ಕು ನೆಗೆದು ತಲೆಯನ್ನು ಕಚ್ಚಿಕೊಂಡು ಹೋಯಿತು. ಮಗು ಚಪ್ಪಾಳೆ ತಟ್ಟಿ ನಕ್ಕಿತು.